ಮಗ್ಗದ ಖೋಲಿಯ ಫೋನು

ದೀಪ ಸಣ್ಣದು ಮಾಡಿ ಕೂತ್ಕೊಳ್ಳಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಬನಹಟ್ಟಿಯಲ್ಲಿ, ನಮ್ಮ ಓಣಿಯ ಅಂಜನಾಳಿಗೆ ಆದದ್ದು.

ಅವತ್ತು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಹಗಲು ರಾತ್ರಿ ಖಟಾಖಟ್ ಖಟಾಖಟ್ ಎನ್ನುವ ಓಣಿ ಅವತ್ತು... ಸುಮ್ಮನಿತ್ತು. ಅಂಜನಾ ತನ್ನ ಆಯಿ, ಅಂದರೆ ಅಜ್ಜಿ, ತಾರವ್ವನ ಜೊತೆ ಪೇಟೆಯ ನೆಟ್ ಸೆಂಟರಿಗೆ ಹೋಗಿದ್ದಳು. ಅದಕ್ಕೂ ಅಮಾವಾಸ್ಯೆಯ ಸೂಟಿ. ಶಟರ್ ಇಳಿದಿತ್ತು. ವಾಪಸು ಬರುವ ದಾರಿಯಲ್ಲಿ ಹಾಳುಬಾವಿ. ಬಾವಿಯ ದಂಡೆಗೆ ಟೆಲಿಫೋನ್ ಕಂಬ. ಆ ಕಂಬದಿಂದಲೇ ಅವರ ಮನೆಗೆ ತಂತಿ.

ಕಂಬ ದಾಟುವಾಗ ಮೇಲಿನ ಡಬ್ಬಿಯಲ್ಲಿ ಸದ್ದಾಯಿತು. ಟಿಣ್. ಉಗುರಿನಿಂದ ತಾಟು ತಟ್ಟಿದಂತೆ.

"ಕೇಳಿಸ್ತೇನ ಆಯಿ?"

"ಸುಮ್ನ ನಡಿ. ಹಿಂದ ನೋಡಬ್ಯಾಡ."

ಮನೆಯಲ್ಲಿ ದೊಡ್ಡಪ್ಪ ಗಂಗಾರಾಮ ಚಪ್ಪಲಿ ಮೆಟ್ಟಿ ನಿಂತಿದ್ದ. ಅಪ್ಪ ಅವ್ವ ಇಬ್ಬರೂ ಇಲ್ಲದ ಅಂಜನಾಳನ್ನು ಸಾಕಿದವನು ಅವನೇ. ಕಾಲೇಜಿನ ಸೀಟಿಗೆ ಆಯ್ಕೆ ತುಂಬಲು ಆ ರಾತ್ರಿ ಹನ್ನೆರಡೇ ಕಡೆ. ಮೂರು ದಿನದಿಂದ ಪಡಸಾಲೆಯ ಕಂಪ್ಯೂಟರಿನಲ್ಲಿ ನೆಟ್ ನಿಲ್ಲುತ್ತಿರಲಿಲ್ಲ. ಬರುವುದು, ಹೋಗುವುದು.

"ಇಂಗ್ಲಿಷ್ ಸಾಲಿ ಕಲ್ತಾಕಿ, ಒಂದು ಡಬ್ಬಿ ನೆಟ್ಟಗ ಮಾಡಾಕ ಬರೂದಿಲ್ಲೇನವಾ?" ಎಂದು ನಕ್ಕ ದೊಡ್ಡಪ್ಪ. "ಹನ್ನೆರಡರತನಕಾ ನಿನ್ನ ಟೈಮು. ಆತು, ಹೋಗು ಧಾರವಾಡಕ್ಕ. ಆಗಲಿಲ್ಲ... ಮುಂಜಾನೆದ್ದು ಮುಧೋಳದವ್ರಿಗೆ ಹೂಂ ಅಂತೀನಿ."

ಮುಧೋಳದವರು ಎಂದರೆ ಹೋದ ವಾರ ಅವಳನ್ನು ನೋಡಿಕೊಂಡು ಹೋದ ಗಂಡಿನ ಕಡೆಯವರು. ಹುಡುಗಿಗೆ ಮಾತು ಬರುತ್ತದೋ ಇಲ್ಲವೋ ಅಂತ ಕೇಳಿದ್ದರು. ಅವಳು ಅವತ್ತೂ ಮಾತಾಡಿರಲಿಲ್ಲ, ಈಗಲೂ ಇಲ್ಲ.

ದೊಡ್ಡಪ್ಪ ಬಾಗಿಲೆಳೆದುಕೊಂಡ. ಹೊರಗಿನಿಂದ ಕೊಂಡಿ ಬಿತ್ತು. ಖಡಕ್. ನೂಲಿನ ಗೋದಾಮಿಗೆ ಮಲಗಲು ಹೋಗುವಾಗ ದಿನಾ ಹಾಗೇ. ಹೆಣ್ಮಕ್ಕಳಿರೋ ಮನಿ ಅಂತ.

ಅಂಜನಾ ಕಂಪ್ಯೂಟರ್ ಹಚ್ಚಿದಳು. ಮೋಡೆಮ್ಮಿನ ಹಸಿರು ದೀಪ ಮಿನುಗಿತು, ಮಿನುಗಿತು... ನಿಂತಿತು. ಪುಟ ತೆರೆಯಿತು. ಹೆಸರು ಹೊಡೆದಳು. ಅಷ್ಟರಲ್ಲಿ ಪಕ್ಕದ ಸ್ಟೂಲಿನ ಮೇಲಿದ್ದ ಫೋನು... ಟಿಣ್. ದೀಪ ಹೋಯಿತು.

ಮೋಡೆಮ್ ಆರಿಸಿ ಮತ್ತೆ ಹಚ್ಚಿದಳು. ಬಂತು. ಟಿಣ್. ಹೋಯಿತು. ತಂತಿ ಬಿಚ್ಚಿ, ತುದಿ ಒರೆಸಿ, ಸಿಗಿಸಿದಳು. ಲೈನ್‌ಮನ್ ಕೊಟ್ಟುಹೋದ ಹೊಸ ತಂತಿ ಹಾಕಿದಳು. ಸ್ಟೂಲಿನ ಫೋನನ್ನೇ ಲೈನಿನಿಂದ ಕಿತ್ತಿಟ್ಟಳು. ದೀಪ ಬಂತು. ಹತ್ತು ಕಾಲೇಜಿನ ಹೆಸರು ತುಂಬುವುದಿತ್ತು, ನಾಲ್ಕು ತುಂಬಿದಳು. ಸದ್ದೇನೂ ಆಗಲಿಲ್ಲ. ಆದರೂ ದೀಪ ಹೋಯಿತು. ತುಂಬಿದ್ದೆಲ್ಲ ಅಳಿಸಿತು.

ಆಯಿಯ ಗುಂಡಿ ಮೊಬೈಲಿನಿಂದ ಲೈನ್‌ಮನ್ ಮುತ್ತಣ್ಣನಿಗೆ ಹಚ್ಚಿದಳು. ನಿದ್ದೆಗಣ್ಣಿನ ದನಿ.

"ಕಂಬದಾಗೇನೂ ಇಲ್ರೀ ಅಕ್ಕಾರ, ಎಲ್ಲಾ ನೋಡೇನಿ. ಮನ್ಯಾಗ ಅದ ಲೈನಿಗೆ ಇನ್ನೊಂದ ಫೋನ್ ಐತೇನು? ಅದನ್ನ ಯಾರರ ಎತ್ತಿದ್ರ ಹಿಂಗ ಕಟ್ ಆಕ್ಕೇತಿ ನೋಡ್ರಿ."

"ಇಲ್ಲ ಮುತ್ತಣ್ಣ."

"ಹಂಗಾರ ನನಗ ತಿಳೀವಲ್ದು."

ಹಾಸಿಗೆಯಲ್ಲಿ ತಾರವ್ವ ಎದ್ದು ಕೂತಿದ್ದಳು.

"ಇತ್ತು" ಅಂದಳು. ಬಹಳ ಮೆಲ್ಲಗೆ. "ಮಗ್ಗದ ಖೋಲ್ಯಾಗ."

ಹಿತ್ತಲಿನ ಕಡೆಯ ಆ ಖೋಲಿಗೆ ಕೀಲಿ ಬಿದ್ದು ಹತ್ತು ವರ್ಷದ ಮೇಲಾಗಿತ್ತು. ಒಳಗಿದ್ದದ್ದು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವಂಥದು. ಅದರ ಮೇಲೆ ಅರ್ಧ ನೇಯ್ದ ಸೀರೆ. ನೇಯ್ದವಳು ಶೇವಂತಿ, ದೊಡ್ಡಪ್ಪನ ಹೆಂಡತಿ. ಗಲಗಲಿ ಕಡೆಯ ಹೊಳೆದಂಡೆಯ ಊರಿನವಳು. ಆ ಊರಿಗೆಲ್ಲ ಒಂದೇ ಫೋನು, ಕಿರಾಣಿ ಅಂಗಡಿಯಲ್ಲಿ. ಮಗ್ಗದ ಖೋಲಿಯ ಫೋನಿನಿಂದ ದಿನಾ ಕದ್ದು ಅಲ್ಲಿಗೆ ಹಚ್ಚುತ್ತಿದ್ದಳು, ನಮ್ಮವ್ವನ್ನ ಕರೀರಿ ಅಂತ. ಆಮೇಲೆ ಡ್ಯಾಮಿನ ಹಿನ್ನೀರು ಬಂತು. ಊರು ಮುಳುಗಿತು. ಜನ ಎಲ್ಲೆಲ್ಲೋ ಹೋದರು. ಶೇವಂತಿ ಅದೇ ನಂಬರು ಹಚ್ಚುವುದು ಬಿಡಲಿಲ್ಲ. ಮಗ್ಗ ಬಿಟ್ಟು ಫೋನು ಹಿಡಿದಿರುತ್ತಾಳೆಂದು ಗಂಗಾರಾಮ ತಂತಿ ಕತ್ತರಿಸಿದ, ಹೊರಗಿನಿಂದ ಕೊಂಡಿ ಹಾಕಿದ. ಅದೇ ಮಳೆಗಾಲ ಅವಳು ಒಳಗೇ ತೀರಿಕೊಂಡಳು. ಜ್ವರ ಅಂತ ಹೇಳಿದರು.

ಅರ್ಧ ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಬಾರದು. ಮುಗಿಸಬೇಕು. ಮುಗಿಸಲು ಯಾರೂ ಕೂರಲಿಲ್ಲ. ಅದಕ್ಕೇ ಕೀಲಿ.

"ತಂತಿ ಕತ್ತರಿಸ್ಯಾರಲ್ಲ ಆಯಿ. ಮತ್ತ ಹೆಂಗ..."

ಆಯಿ ಸೆರಗು ಬಾಯಿಗಿಟ್ಟುಕೊಂಡಳು.

ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ಮುಂದಿನ ಬಾಗಿಲಿಗೆ ಕೊಂಡಿ. ಹಿತ್ತಲಿಗೆ ಕೀಲಿ. ಕಿಟಕಿಗೆ ಸರಳು. ಅಂಜನಾ ಸ್ಟೂಲಿನ ಫೋನನ್ನು ಮತ್ತೆ ಲೈನಿಗೆ ಸಿಗಿಸಿದಳು.

ಟಿಣ್.

ರಿಸೀವರ್ ಎತ್ತಿ ಕಿವಿಗಿಟ್ಟಳು. ಡಯಲ್ ಟೋನ್ ಇರಲಿಲ್ಲ. ದೂರದಲ್ಲಿ ನೀರು... ಗುಳು ಗುಳು, ಗುಳು ಗುಳು. ಕೊಡ ಮುಳುಗುವಾಗಿನ ಸದ್ದು. ಅದರ ಈಚೆ ಯಾರದೋ ಉಸಿರು.

"ಹಲೋ... ಅಂಗಡಿಯವರೇನ್ರಿ?" ಹೆಂಗಸಿನ ದನಿ. ಪಿಸುಮಾತು. "ನಮ್ಮವ್ವನ್ನ ಜರಾ ಕರೀರಿ."

ದನಿ ಅಷ್ಟು ಮೆತ್ತಗಿತ್ತು, ದಿನಾ ಕೇಳಿ ಕೇಳಿ ರೂಢಿಯಾದಂತಿತ್ತು...

"ದೊಡ್ಡವ್ವ" ಅಂದಳು ಅಂಜನಾ. "ಫೋನ್ ಇಡ್ರಿ. ಸ್ವಲ್ಪ ಹೊತ್ತು."

ನೀರಿನ ಸದ್ದು ನಿಂತಿತು.

"ಯಾಕ?"

"ನಾ ಇಲ್ಲಿಂದ ಹೋಗಬೇಕಾಗೇತಿ. ಇದೊಂದ ದಾರಿ ಐತಿ."

ಆಮೇಲೆ...

"ನಿನಗೂ ಹೊರಗಿಂದ ಕೊಂಡಿ ಹಾಕ್ಯಾನೇನು?"

"ಹೂಂ."

ಗುಳು ಗುಳು. ನೀರಿನ ಸದ್ದು ಮತ್ತೆ ಬಂತು.

"ಮುಂಜಾನೆ ನಿಮ್ಮ ಬಾಗಲಾ ತೆಗಸ್ತೀನಿ, ದೊಡ್ಡವ್ವ. ಖರೆ."

ಟಿಣ್.

ಅವಳೂ ರಿಸೀವರ್ ಇಟ್ಟಳು. ಹಸಿರು ದೀಪ ಬಂತು. ಮಿನುಗಲಿಲ್ಲ. ನಿಂತೇ ಇತ್ತು. ಅಂಜನಾ ಹತ್ತೂ ಕಾಲೇಜಿನ ಹೆಸರು ತುಂಬಿದಳು, ಒಂದಕ್ಷರ ತಪ್ಪಲಿಲ್ಲ. ನಿಮ್ಮ ಆಯ್ಕೆ ದಾಖಲಾಗಿದೆ ಎಂದು ಪರದೆಯ ಮೇಲೆ ಬಂತು. ಹಿತ್ತಲ ಕಡೆಯಿಂದ ಮಗ್ಗದ ಸದ್ದು. ಒಂದೇ ಒಂದು ಸಲ. ಅಮಾವಾಸ್ಯೆಯ ರಾತ್ರಿ. ಖಟ್.

ಬೆಳಗಾಗಿ ದೊಡ್ಡಪ್ಪ ಕೊಂಡಿ ತೆಗೆದಾಗ ಅಂಜನಾ ಬಾಗಿಲಲ್ಲೇ ನಿಂತಿದ್ದಳು. ದೊಡ್ಡಪ್ಪನ ಹಿಂದೆ ಮುತ್ತಣ್ಣ, ಅವಳ ಕರೆಗೆ ಚೀಲ ಹಿಡಿದು ಬಂದಿದ್ದ.

"ಮಗ್ಗದ ಖೋಲಿ ತೆಗೀರಿ" ಅಂದಳು.

"ಏ, ಅಲ್ಲೇನೈತಿ? ಹೆಗ್ಗಣಾ ಅದಾವು."

"ತೆಗೀರಿ ದೊಡ್ಡಪ್ಪ."

ಅವಳ ದನಿ ಅಷ್ಟು ಗಟ್ಟಿ ಇದೆ ಅಂತ ಓಣಿಗೆ ಗೊತ್ತಾದದ್ದು ಅವತ್ತೇ. ಗಂಗಾರಾಮ ತಾಯಿಯ ಕಡೆ ನೋಡಿದ. ತಾರವ್ವ ಅವನ ಮುಖ ನೋಡಲಿಲ್ಲ. ಸೊಂಟದ ಗಂಟಿನಿಂದ ಕೀಲಿಕೈ ಬಿಚ್ಚಿ ಮೊಮ್ಮಗಳ ಕೈಗಿಟ್ಟಳು.

ಒಳಗೆ ಧೂಳು, ಜೇಡರ ಬಲೆ, ಮಾಸಿದ ಅರ್ಧ ಸೀರೆ. ಗೋಡೆಯ ಗೂಡಿನಲ್ಲಿ ಕೆಂಪು ಫೋನು. ಮುತ್ತಣ್ಣ ಮಂಡಿಯೂರಿ ಗೋಡೆಯ ತಂತಿ ಹಿಡಿದು ಬೆರಳು ಸರಿಸುತ್ತ ಹೋದ. ನಡುವೆ ಒಂದು ಕಡೆ ಬೆರಳು ನಿಂತಿತು.

"ಕತ್ತರಿಸಿದ್ದು ಖರೆ. ಆದ್ರ ಕೂಡಿಸ್ಯಾರ."

"ಯಾರು?"

"ನಮ್ಮವರಲ್ರೀ. ನಾವು ತಂತಿ ಹೊಸೆದು ಪಟ್ಟಿ ಸುತ್ತತೀವಿ. ಇದು... ಗಂಟು."

ಎರಡು ತಾಮ್ರದ ಎಳೆ, ಕೂದಲಿಗಿಂತ ಸ್ವಲ್ಪ ದಪ್ಪ. ಎರಡಕ್ಕೂ ಸಾಸಿವೆಯಷ್ಟು ಸಣ್ಣ ಗಂಟು. ಹರಿದ ನೂಲಿಗೆ ಮಗ್ಗದ ಮೇಲೆ ಹಾಕುತ್ತಾರಲ್ಲ, ಅದೇ. ತಾಮ್ರ ಹೊಸದಾಗಿ ಹೊಳೆಯುತ್ತಿತ್ತು.

ತಾರವ್ವ ಬಗ್ಗಿ ನೋಡಿದಳು.

"ಈ ಗಂಟು ಶೇವಂತಿಗೆ ನಾನ ಕಲಿಸಿದ್ದು" ಅಂದಳು.

ಆ ಖೋಲಿಗೆ ಮತ್ತೆ ಕೀಲಿ ಬೀಳಲಿಲ್ಲ. ಅಂಜನಾ ಧಾರವಾಡಕ್ಕೆ ಹೋದಳು. ನೆಟ್ ಮತ್ತೆ ಹೋಗಲಿಲ್ಲ. ಗಂಟಿದ್ದ ಆ ತುಂಡು ತಂತಿಯನ್ನು ಮುತ್ತಣ್ಣ ಕತ್ತರಿಸಿ ಅವಳ ಕೈಗೆ ಕೊಟ್ಟಿದ್ದ. ಈಗಲೂ ಅವಳ ಪರ್ಸಿನಲ್ಲಿದೆ. ನೀವು ನಂಬಿ, ಬಿಡಿ. ನಾನು ಮುಟ್ಟಿ ನೋಡಿದ್ದೇನೆ. ತಾಮ್ರ ಇನ್ನೂ ಹೊಳೆಯುತ್ತದೆ.