ಜಿಹ್ನಿ ಉಸ್ತಾದರ ಮೊಸರು

ಬಾಗಿಲು ಹಾಕಿ ಕೂತುಕೊಳ್ಳಿ, ಹೇಳುತ್ತೇನೆ. ಇದು ನನ್ನ ಚಿಕ್ಕಪ್ಪನ ಮಗ ವೆಹ್ಬಿಗೆ ಆದದ್ದು. ಕೇಳಿದ ಮೇಲೆ ಕಟ್ಟುಕತೆ ಅಂತ ಮಾತ್ರ ಅನ್ನಬೇಡಿ.

ಇಸ್ತಾಂಬುಲಿನ ಗೆದಿಕ್‌ಪಾಶಾದಲ್ಲಿ ನಾವಿಬ್ಬರೂ ಒಂದೇ ಶೂ ಕಾರ್ಖಾನೆಯಲ್ಲಿದ್ದೆವು. ಕಾರ್ಖಾನೆ ಅಂದರೆ ಮೂರನೇ ಮಹಡಿಯ ಒಂದು ಕೋಣೆ, ಹನ್ನೊಂದು ಜನ. ಬಕ್ರೀದಿಗೆ ಊರಿಗೆಲ್ಲ ಹೊಸ ಶೂ ಆಗಬೇಕು. ಹಬ್ಬ ಹತ್ತಿರ ಬಂದರೆ ನಮಗೆ ಹಗಲು ರಾತ್ರಿ ಒಂದೇ. ಚಳಿಗೆ ಕಿಟಕಿ ಮುಚ್ಚಿ, ಅಂಟಿನ ಡಬ್ಬಿ ತೆರೆದು ಕೂತರೆ ತಲೆ ಜುಂ ಅನ್ನುತ್ತಿತ್ತು. ಹೊಸ ಅಂಟು, ಬೇಗ ಒಣಗುತ್ತಿತ್ತು, ವಾಸನೆ ಸಿಹಿ. ಅದರಲ್ಲಿರುವ ಬೆಂಜೀನ್ ಮೂಳೆಯೊಳಗೆ ರಕ್ತ ಹುಟ್ಟುವ ಜಾಗವನ್ನೇ ಸುಟ್ಟುಹಾಕುತ್ತದೆ ಅಂತ ನಮಗೆ ಯಾರು ಹೇಳಿದ್ದರು?

ಯಜಮಾನ ಹೇಳಿದ್ದು ಒಂದೇ ಮಾತು. "ದಿನಾ ಒಂದು ಬಟ್ಲು ಮೊಸ್ರು ತಿನ್ರೋ. ವಿಷ ಗಿಷ ಎಲ್ಲ ಇಳ್ದೋಗುತ್ತೆ." ಮೊಸರು ತರಿಸುತ್ತಿದ್ದವನೂ ಅವನೇ, ಮಹಾ ದಾನಶೂರ! ನಾವೂ ನಂಬಿ ತಿಂದೆವು.

ನಮಗೆಲ್ಲ ಕೆಲಸ ಕಲಿಸಿದ ಜಿಹ್ನಿ ಉಸ್ತಾದರು ಎಲ್ಲರಿಗಿಂತ ಹೆಚ್ಚು ತಿಂದವರು. ಅವರಿಗೆ ಮೊದಲು ಒಸಡಿನಲ್ಲಿ ರಕ್ತ ಬಂತು. ಆಮೇಲೆ, ಎಲ್ಲೂ ಪೆಟ್ಟು ಬೀಳದೆ, ಕಾಲ ತುಂಬ ನೀಲಿ ಕಲೆ. ಅಕ್ಟೋಬರಿನಲ್ಲಿ ಮಣ್ಣು ಮಾಡಿ ಬಂದೆವು. "ಮನೇಲಿ ಮೊಸ್ರು ತಿಂತಿರ್ಲಿಲ್ಲ ಅನ್ಸುತ್ತೆ" ಅಂದ ಯಜಮಾನ. ಅವನ ನಾಲಿಗೆ ಬಿದ್ದುಹೋಗ!

ಚಳಿಗಾಲಕ್ಕೆ ವೆಹ್ಬಿಯ ಒಸಡಿನಲ್ಲೂ ರಕ್ತ ಶುರುವಾಯಿತು. ಅವನ ಹೆಂಡತಿ ಸಬೀಹಾ ನನ್ನ ಮುಂದೆ ಕೈ ಮುಗಿದು ಅತ್ತಳು.

"ಭಾವಾ, ನೀವಾದ್ರೂ ಹೇಳಿ. ದಿಂಬೆಲ್ಲ ರಕ್ತ. ಆಸ್ಪತ್ರೆಗೆ ಹೋಗಿ ಅಂದ್ರೆ ಹಬ್ಬ ಮುಗೀಲಿ ಅಂತಾರೆ."

ಹೇಳಿದೆ. ಅವನು ನಕ್ಕ. "ಇನ್ಮೇಲೆ ಎರಡು ಬಟ್ಲು ತಿಂತೀನಿ ಬಿಡಣ್ಣ."

ಹಬ್ಬಕ್ಕೆ ಇನ್ನು ಮೂರು ದಿನ. ನಡುರಾತ್ರಿ ದಾಟಿದ ಮೇಲೆ ವೆಹ್ಬಿ ಒಬ್ಬನೇ ಮನೆಗೆ ಹೊರಟ. ಮಸೀದಿಯ ಹಿಂದೆ ಚಿನಾರ್ ಮರ, ಅದರ ಕೆಳಗೆ ಹಳೇ ಬಾವಿ. ಅಲ್ಲಿಗೆ ಬರುವಾಗ ಸದ್ದು ಕೇಳಿಸಿತು.

ಚರ್... ಚರ್...

ಚಮಚದಲ್ಲಿ ತಗಡಿನ ಬಟ್ಟಲಿನ ತಳ ಕೆರೆಯುವ ಸದ್ದು. ಬಾವಿಕಟ್ಟೆಯ ಮೇಲೆ ಯಾರೋ ಬೆನ್ನು ಹಾಕಿ ಕೂತಿದ್ದರು.

"ವೆಹ್ಬೀ..."

ಪಿಸುಮಾತು. ಆದರೆ ಆ ದನಿ ಗೊತ್ತಿಲ್ಲದಿರುವುದುಂಟೇ?

"ಉಸ್ತಾದ್...?"

"ಇನ್ನೊಂದು ಬಟ್ಲು ತಂದ್ಕೊಡೋ ಮಗಾ... ಎಷ್ಟು ತಿಂದ್ರೂ ಇಳೀತಾ ಇಲ್ಲ."

ಚರ್... ಚರ್... ಮೊಸರು ಬೆಳ್ಳಗಿತ್ತು. ಬಾಯಿಗೆ ಹೋಗಿ ಬಂದ ಚಮಚ ಮಾತ್ರ ಕೆಂಪು.

"ಎಲ್ಲಿ, ಬಾಯಿ ತೆಗಿ."

ಓಡಬೇಕಿತ್ತು. ಬಾಯಿ ತೆರೆದ. ತಣ್ಣನೆಯ ಹೆಬ್ಬೆರಳು ಅವನ ಒಸಡನ್ನು ಒತ್ತಿತು, ಚರ್ಮ ಹದಕ್ಕೆ ಬಂದಿದೆಯಾ ಅಂತ ನೋಡುವ ಹಾಗೆ.

"ಬೆಳಗಾಗ್ತಿದ್ದಂಗೇ ಆಸ್ಪತ್ರೆಗೆ ಹೋಗು... ನಾನೂ ಹಬ್ಬ ಮುಗೀಲಿ ಅಂದಿದ್ದೆ."

ಧಡ ಧಡ ಧಡ! ನನ್ನ ಮನೆ ಬಾಗಿಲು. ತೆರೆದರೆ ವೆಹ್ಬಿ, ಗಡ್ಡಕ್ಕೆಲ್ಲ ರಕ್ತ ಇಳಿದಿದೆ. ನಡೆದದ್ದನ್ನು ತೊದಲುತ್ತ ಹೇಳಿ, ನನ್ನ ಅಂಗಿ ಹಿಡಿದುಕೊಂಡ. "ಅಣ್ಣಾ, ನಂಗೆ ಸಾಯೋಕಿಷ್ಟ ಇಲ್ಲ... ಏನಾದ್ರೂ ಮಾಡು." ಮೂವತ್ತು ವರ್ಷದ ಗಂಡಸು, ಮಗುವಿನ ಹಾಗೆ ಅತ್ತ. ಆ ಸ್ಥಿತಿಯಲ್ಲೇ ಅವನ ತೋಳು ಹಿಡಿದು ನಡೆಸಿಕೊಂಡು ಹೋದೆ.

ಆಸ್ಪತ್ರೆಯ ಗೇಟು ತೆರೆಯುವ ಹೊತ್ತಿಗೆ ನಲವತ್ತು ಜನ ಸಾಲಿನಲ್ಲಿದ್ದರು. ಇನ್ನು ನಮ್ಮ ಸರದಿ ಬಂದ ಹಾಗೇ ಅಂದುಕೊಂಡೆ. ಆಗ ಒಳಗಿನಿಂದ ಗುಮಾಸ್ತ ಕೂಗಿದ.

"ಒಂದನೇ ನಂಬರ್! ವೆಹ್ಬಿ ಯಾರ್ರೀ?"

ನಾವು ಯಾರಿಗೂ ಹೆಸರು ಹೇಳಿರಲಿಲ್ಲ. ಕೇಳಿದರೆ ಅವನು ನನ್ನ ಮೇಲೇ ರೇಗಿದ.

"ನಿಮ್ಮೋರೇ ಬಂದು ಬರೆಸಿದ್ರಲ್ರೀ! ವಯಸ್ಸಾದೋರು, ಮುಖ ಸುಣ್ಣದಂಗೆ ಬಿಳಿಚ್ಕೊಂಡಿತ್ತು. ಈಗಷ್ಟೇ ಎದ್ದು ಹೋದ್ರು."

ವೆಹ್ಬಿಗೆ ತಡವಾಗಿತ್ತು. ಬಾಟಲಿಗಟ್ಟಲೆ ರಕ್ತ ಕೊಟ್ಟರು. ಒಳಗೆ ಹುಟ್ಟುವುದೇ ನಿಂತ ಮೇಲೆ ಹೊರಗಿನಿಂದ ಎಷ್ಟು ದಿನ ತುಂಬಿಸುತ್ತೀರಿ? ಮಾರ್ಚಿನಲ್ಲಿ ಹೋದ. ಸಬೀಹಾಳ ಗೋಳು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇಷ್ಟಕ್ಕೇ ಮುಗಿದಿದ್ದರೆ ಭಯಕ್ಕೆ ಕಂಡ ಭ್ರಮೆ ಅಂತ ನಾನೇ ಹೇಳುತ್ತಿದ್ದೆ. ಆದರೆ ನನ್ನ ಮಕ್ಕಳಾಣೆ, ಅವತ್ತು ಗುಮಾಸ್ತ ನನ್ನ ಕೈಗೆ ಕೊಟ್ಟದ್ದು ಎರಡು ಚೀಟಿ. ಒಂದನೇ ನಂಬರು ವೆಹ್ಬಿಯದು. ಎರಡನೇ ನಂಬರಿನ ಮುಂದೆ ನನ್ನ ಹೆಸರಿತ್ತು.

ಆಗಿನ್ನೂ ನನ್ನ ಒಸಡಿನಲ್ಲಿ ಒಂದು ಹನಿ ರಕ್ತವೂ ಬಂದಿರಲಿಲ್ಲ.