ಯಜಮಾನ್ರಿಗೆ ಇನ್ನೂ ಹುಷಾರಿಲ್ಲ

…ಇನ್ನೂ ಸ್ವಲ್ಪ ದೊಡ್ಡದಾಗಿ. ಆ… ಹಾಂ, ಅಷ್ಟು ಸಾಕು ಭಾವ. ಹಾಗೇ ಇರಿ. ಕಣ್ಣು ಬೇಕಾದ್ರೆ ಮುಚ್ಕೊಳ್ಳಿ, ಬಾಯಿ ಮಾತ್ರ ಮುಚ್ಚಬೇಡಿ. ಆ ಕಡೆ ಏನು ನೋಡ್ತೀರಿ? ಬಾಗಿಲಾಚೆ? ಅದೇ ನಡುಮನೆ, ಅದೇ ಅಕ್ವೇರಿಯಂ. ಮೇಲೆ ಬೆಡ್‌ಶೀಟ್ ಹೊದಿಸಿದೀನಿ ಅಷ್ಟೆ. ಕಾಯಿಲೆಯವರಿಗೆ ಬೆಳಕು ಆಗಲ್ಲ ಅಂತ ನಿಮ್ಮ ತಂಗೀನೇ ಹೇಳಿದ್ದು. ಮೊದಲು ನಿಮ್ಮ ಹಲ್ಲು, ಆಮೇಲೆ ಅವಳ ಮೀನು. ಅವೇನು ಓಡಿ ಹೋಗ್ತಾವಾ?

ಹ್ಞಾಂ? ಮಾತಾಡಬೇಡಿ, ನಾಲಿಗೆ ಅಡ್ಡ ಬರುತ್ತೆ. ಏನು ಕೇಳ್ತಿದೀರಿ ಅಂತ ನಂಗೊತ್ತು. ಬಾಯಿ ತುಂಬ ಹತ್ತಿ ಇಟ್ಕೊಂಡವರ ಜೊತೆ ಮಾತಾಡಿ ಮಾತಾಡಿ ಅರ್ಧ ಆಯುಸ್ಸು ಕಳೆದಿದೀನಿ, ಹುಬ್ಬು ನೋಡಿದ್ರೇ ಪ್ರಶ್ನೆ ತಿಳಿಯುತ್ತೆ. ಮೀನು ಹೇಗಿವೆ ಅಂತ ತಾನೆ? ಕೆಟ್ಟದಾಗಿವೆ ಭಾವ. ತುಂಬ ಕೆಟ್ಟದಾಗಿವೆ.

ಇಂಜೆಕ್ಷನ್ ಆಗ್ಲೇ ಕೊಟ್ಟಿದೀನಲ್ಲ, ಈಗ ಡ್ರಿಲ್ಲು ಗುಂಯ್ ಅನ್ನುತ್ತೆ, ಹೆದರಬೇಡಿ. ಅರೆ, ಎದೆ ಮೇಲೆ ಯಾಕೆ ಕೈ? ಅಷ್ಟೊಂದು ಹೊಡ್ಕೊಳ್ತಾ ಇದೆಯಾ? ಘಾಟಿ ರಸ್ತೇಲಿ ಲಾರಿ ಓಡಿಸೋ ಮನುಷ್ಯ, ಇಷ್ಟುದ್ದದ ಒಂದು ಡ್ರಿಲ್ಲಿಗೆ ಜೇಬು ಹಿಡ್ಕೊಂಡು ಕೂತಿದೀರಲ್ಲ! ಇರಲಿ, ಇರಲಿ, ಧೈರ್ಯ ಬರೋದಾದ್ರೆ ಹಿಡ್ಕೊಳ್ಳಿ.

ಎಲ್ಲಾ ಶುರುವಾಗಿದ್ದು ಅವಳು ಪೆಟ್ಟಿಗೆ ಎತ್ಕೊಂಡು ನಿಮ್ಮನೆಗೆ ಬಂದ ವಾರ. ಹೋಗ್ತಾ ಏನಂದ್ಲು ಗೊತ್ತಾ? 'ಈ ಮನೇಲಿ ನಂಗೂ ಒಂದು ಬಾಯಿದೆ ಅಂತ ನೆನಪಾದಾಗ ಹೇಳಿ ಕಳಿಸಿ. ಅಲ್ಲೀವರೆಗೆ ಮೀನಿನ ವಿಷಯ ಇದ್ರೆ ಮಾತ್ರ ಫೋನ್ ಮಾಡಿ' ಅಂತ. ನೀವೇ ಹೇಳಿ, ಬಾಯಿಲ್ಲ ಅಂತ ನಾನು ಯಾವಾಗ ಅಂದೆ? ಅವಳ ಮೂವತ್ತೆರಡು ಹಲ್ಲನ್ನೂ ನಾನೇ ನೋಡ್ಕೊಂಡಿದೀನಿ! ಒಂದಾದ್ರೂ ಹುಳುಕು ಬಿಟ್ಟಿದೀನಾ?

ಯಾಕೆ ನಗ್ತೀರಿ? ನಗಬೇಡಿ, ಕೈ ಜಾರುತ್ತೆ.

ಈ ಡಿಸ್ಕಸ್ ಮೀನು ಅಂದ್ರೆ ಸುಮ್ನೇನಾ? ತಟ್ಟೆ ಹಾಗೆ ಚಪ್ಪಟೆ, ಮೈತುಂಬ ನೀಲಿ ಗೆರೆ, ಕೆಂಪು ಕಣ್ಣು, ಅದರ ಜಂಬವೋ ಜಂಬ! ನೀರು ಒಂಚೂರು ಕೆಟ್ರೆ ಸಾಕು, ಮುಖ ಊದಿಸ್ಕೊಳ್ತಾವೆ. ದೊಡ್ಡದಕ್ಕೆ ಯಜಮಾನ್ರು ಅಂತ ಅವಳೇ ಹೆಸರಿಟ್ಟಿದ್ದು. ಇನ್ನೊಂದು ಅಮ್ಮಾವ್ರು. ನೀರು ಬದಲಾಯಿಸೋದು ನಂಗೆ ಮರ್ತೇ ಹೋಯ್ತು. ಒಂದು ಬೆಳಿಗ್ಗೆ ನೋಡ್ತೀನಿ, ಯಜಮಾನ್ರು ಮಸಿ ಹಿಡಿದ ಬಾಣಲೆ ಹಾಗೆ ಕಪ್ಪಗಾಗಿದ್ದಾರೆ! ಮೂಲೇಲಿ ತಲೆ ತಗ್ಗಿಸ್ಕೊಂಡು ನಿಂತಿದ್ದಾರೆ. ಊಟ ಹಾಕಿದ್ರೆ ಬಾಯಿಗೆ ತಗೊಂಡು ಥೂ ಅಂತ ಉಗೀತಾರೆ. ಹಿಂದುಗಡೆಯಿಂದ ಬಿಳೀ ದಾರದ ಥರ ಏನೋ ನೇತಾಡ್ತಾ… ಕ್ಷಮಿಸಿ, ಬಾಯಿ ತೆರ್ಕೊಂಡವರ ಮುಂದೆ ಹೇಳೋ ವಿಷಯ ಅಲ್ಲ.

ಗಾಬರಿಯಾಗಿ ಫೋನ್ ಮಾಡ್ದೆ. 'ಯಜಮಾನ್ರು ಊಟ ಬಿಟ್ಟಿದ್ದಾರೆ' ಅಂದೆ. 'ನೀವಾ, ಮೀನಾ?' ಅಂದ್ಲು. 'ಮೀನು' ಅಂದೆ. 'ಅಯ್ಯಯ್ಯೋ!' ಅಂದ್ಲು. 'ನಾನು' ಅಂದಿದ್ರೆ ಅಷ್ಟುದ್ದದ ಅಯ್ಯಯ್ಯೋ ಬರ್ತಿತ್ತಾ ಭಾವ? ನಿಮ್ಮ ತಂಗಿ, ನಿಮಗೇ ಗೊತ್ತು.

ಉಗುಳಿ. ಹಾಂ. ಮತ್ತೆ ಆ…

ಅವತ್ತಿಂದ ಅವಳು ಹೇಳೋದು, ನಾನು ಮಾಡೋದು. ಹೀಟರ್ ಮೆಲ್ಲಗೆ ಏರಿಸಿ ಅಂದ್ಲು, ಏರಿಸ್ದೆ. ಬಿಸಿ ನೀರಲ್ಲಿ ಗಾಳಿ ಕಮ್ಮಿ, ಗುಳ್ಳೆ ಬಿಡೋ ಪೈಪು ಇನ್ನೊಂದು ಹಾಕಿ ಅಂದ್ಲು, ಹಾಕ್ದೆ. ನಲ್ಲಿ ನೀರು ಹಾಗೇ ಸುರೀಬೇಡಿ, ಹಿಂದಿನ ದಿನಾನೇ ಹಿಡಿದಿಡಿ ಅಂದ್ಲು. ಬಚ್ಚಲಿಗೆ ಹೋಗಿ ನೋಡಿ, ಬರೀ ಬಕೆಟ್ಟು, ನಾನು ಸ್ನಾನಕ್ಕೆ ನಿಲ್ಲೋಕೆ ಜಾಗ ಇಲ್ಲ. ಇನ್ನು ಮಾತ್ರೆ, ಯಾವುದು ಹೇಳಿ? ನಿಮ್ಮ ವಸಡು ಬಾತಾಗ ಬರ್ಕೊಟ್ಟಿದ್ನಲ್ಲ, ಅದೇ! ಪುಡಿ ಮಾಡಿ ಊಟಕ್ಕೆ ಕಲಸಿ, ಚಿಮಟದಲ್ಲಿ ಹಿಡಿದು, 'ಆ ಮಾಡಿ ಯಜಮಾನ್ರೇ, ಆ…' ತಳದ ಕೊಳೆ ಎಳೆಯೋಕೆ ಇದೇ ಪೈಪು, ನಿಮ್ಮ ಜೊಲ್ಲು ಎಳೀತಿದೆಯಲ್ಲ…

ಅಯ್ಯೋ, ಯಾಕೆ ಹಾಗೆ ಕಣ್ಣು ಬಿಡ್ತೀರಿ? ಇದಲ್ಲ! ಇಂಥದ್ದೇ ಇನ್ನೊಂದು. ಅದಕ್ಕೆ ಕೆಂಪು ದಾರ ಕಟ್ಟಿದೀನಿ. ಇದರಲ್ಲಿ ದಾರ ಇದೆಯಾ? ಇಲ್ಲ ತಾನೆ? ಮತ್ತೆ? ದಾರ ಬಿಚ್ಚಿಹೋಗೋ ಹಾಗೇನೂ ಕಟ್ಟಿಲ್ಲ.

ಆದ್ರೂ ಒಂದು ದಿನ ಮುಗೀತು ಅಂದ್ಕೊಂಡೆ ಭಾವ. ಯಜಮಾನ್ರು ಒಂದೇ ಕಡೆ ವಾಲಿಬಿಟ್ಟಿದ್ರು. ಕಿವಿರು ಮಾತ್ರ ಆಡ್ತಿತ್ತು. ಕ್ಲಿನಿಕ್ಕಿಗೆ ಬೀಗ ಹಾಕಿ ಸ್ಟೂಲ್ ಎಳ್ಕೊಂಡು ಅದರ ಮುಂದೆ ಕೂತ್ಬಿಟ್ಟೆ. ನಂಗೇನು, ಒಂದು ಮೀನು. ಆದ್ರೆ ಇದು ಹೋದ್ರೆ ಅವಳಿಗೆ ಈ ಮನೇಲಿ ಉಳಿಯೋದು ಏನು ಅಂತ ಯೋಚನೆ ಬಂತು. ನಾನೊಬ್ಬ ಉಳೀತೀನಿ, ನಿಜ. ಅದಕ್ಕೇ ಹೆದರಿಕೆ ಆಯ್ತು.

ಈಗಲೂ ಹಾಗೇ ಇದೆ ಸ್ಥಿತಿ. ಮೊನ್ನೆ ಮಾತ್ರ ನನ್ನ ಬೆರಳಿಂದಾನೇ ಊಟ ಗಬಕ್ ಅಂತ ಕಿತ್ಕೊಂಡು… ಅಂದ್ರೆ, ಕಿತ್ಕೊಳ್ಳೋ ಹಾಗೆ ಮಾಡಿದ್ರು. ಶಕ್ತಿ ಸಾಲ್ದೆ ಬಿಟ್ಬಿಟ್ರು ಪಾಪ.

ಯಾಕೆ ಹುಬ್ಬು ಮೇಲೆ ಹೋಯ್ತು? ನಂಬಿಕೆ ಇಲ್ವಾ? ಇನ್ನೊಂದು ಇಂಜೆಕ್ಷನ್ ಕೊಡ್ತೀನಿ ಇರಿ. ನೋವಾಗಬಾರದಲ್ಲ. ರಾತ್ರಿವರೆಗೆ ತುಟಿ ಮರಗಟ್ಟಿರುತ್ತೆ, ಫೋನಲ್ಲಿ ಮಾತಾಡಿದ್ರೆ ಒಂದಕ್ಷರ ತಿಳಿಯಲ್ಲ, ಪರವಾಗಿಲ್ಲ, ನಿಮ್ಮ ತಂಗಿಗೆ ವರದಿ ನಾನೇ… ಆಯ್ತು, ಆಯ್ತು! ಮಣಿಕಟ್ಟು ಬಿಡಿ! ಸ್ಟಿಯರಿಂಗ್ ಅಂದ್ಕೊಂಡ್ರಾ? ಬೇಡ ಅಂದ್ರೆ ಬೇಡ.

ಅವಳೇ ಕಳಿಸಿದ್ದು ಅಲ್ವಾ ನಿಮ್ಮನ್ನ? ಹಲ್ಲುನೋವು ಒಂದು ನೆಪ. ಮೀನು ಸತ್ತೇ ಹೋಗಿದೆ, ನಾನು ಮುಚ್ಚಿಡ್ತಿದೀನಿ ಅಂತ ಅವಳಿಗೆ ಅನುಮಾನ. ಸತ್ಯವಾಗ್ಲೂ ಸತ್ತಿಲ್ಲ ಭಾವ. ಸತ್ತಿದ್ರೆ ದಿನಾ ಸಂಜೆ ಫೋನಲ್ಲಿ ಹೇಳ್ತಿರಲಿಲ್ವಾ?

ಆ ಫೋನಿನ ಕಥೆ ಬೇರೆ ಹೇಳ್ಬೇಕು ನಿಮಗೆ. ಈಗೆಲ್ಲ ಅವಳೇ ಮಾಡ್ತಾಳೆ. ಅವಳು ಮಾತಾಡ್ತಾಳೆ, ನಾನು ಹ್ಞೂ ಹ್ಞೂ ಅಂತೀನಿ. ಮೀನಿನ ವಿಷಯದಲ್ಲಿ ನಂಗೇನೂ ಗೊತ್ತಿಲ್ಲವಲ್ಲ, ಮಧ್ಯ ಬಾಯಿ ಹಾಕೋಕೆ ಜಾಗಾನೇ ಸಿಗಲ್ಲ! ಮೀನು ಮುಗಿದ ಮೇಲೂ ಹೇಳ್ತಾನೇ ಇರ್ತಾಳೆ. ನಿಮ್ಮ ಮಹಡಿಯಿಂದ ರೈಲು ಕಾಣುತ್ತಂತೆ. ದಿನಾ ಟೀ ಲೋಟ ಹಿಡ್ಕೊಂಡು ಹೋಗಿ ನಿಂತ್ಕೊಳ್ತಾಳಂತೆ. ಅವಳಿಗೆ ರೈಲು ಅಂದ್ರೆ ಇಷ್ಟ ಅಂತ ನಿಮಗೆ ಗೊತ್ತಿತ್ತಾ? ಗೊತ್ತಿತ್ತಾ! ನಂಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷ… ಎಷ್ಟೋ ಸಲ ಹೇಳೋಕೆ ಶುರು ಮಾಡಿರ್ತಾಳೆ. ನಾನು ನನ್ನ ಪಾಡಿಗೆ ಮಾತಾಡ್ತಾ ಇದ್ದಿರ್ತೀನಿ, ಅವಳ ಬಾಯಲ್ಲೂ ಹತ್ತಿ ಇದೆ ಅನ್ನೋ ಹಾಗೆ.

ಮುಗೀತು. ಕಚ್ಚಿ ನೋಡಿ. ಸರಿಯಿದೆಯಾ? ಇನ್ನೊಂದು ಸ್ವಲ್ಪ ಹೊಳಪು ಕೊಡೋಣ. ಆ ಪಕ್ಕದ ದವಡೆ ಹಲ್ಲೂ ಯಾಕೋ… ಭಾವ, ಏಳಬೇಡಿ! ಕೊರಳಲ್ಲಿ ಬಟ್ಟೆ ಇದೆ! ಬಾಯಿ ಮುಕ್ಕಳಿಸಿ ಮೊದಲು! ಆ ಕಡೆ ಅಲ್ಲ, ಬೀದಿ ಬಾಗಿಲು ಈ ಕಡೆ… ಭಾವ, ಬೆಡ್‌ಶೀಟ್ ಎತ್ತಬೇಡಿ, ಬೆಳಕು ಬಿದ್ರೆ ಬೆಚ್ಚಿ ಬೀಳ್ತಾವೆ, ಎತ್ತಬೇಡಿ ಅಂದ್ನಲ್ಲ…

ಎತ್ತಿದ್ರಾ.

ಏನಾದ್ರೂ ಹೇಳಿ. ಈಗ ಬಾಯಲ್ಲಿ ಹತ್ತಿ ಇಲ್ಲ, ಇಂಜೆಕ್ಷನ್ ಕೂಡ ಒಂದೇ. ಮಾತು ಬರುತ್ತೆ ನಿಮಗೆ.

ಹ್ಞೂ, ನೀಲಿ ಸ್ವಲ್ಪ ಜಾಸ್ತೀನೇ ಕಾಣ್ತಿದೆ. ಲೈಟಿಗೆ ಹಾಗೆ. ಅದಾ? ಅದು ಧೂಳು. ಮೈಗೆ ಅಂಟಿದೆ. ಈಜುತ್ತೆ, ಹ್ಞೂ… ಈಜೋ ಧೂಳು. ಕಣ್ಣು? ಕಣ್ಣೂ ಇರುತ್ತೆ ಕೆಲವು ಧೂಳಿಗೆ.

ಹಾಗೆ ನೋಡಬೇಡಿ ಭಾವ. ಬೈದುಬಿಡಿ, ಪರವಾಗಿಲ್ಲ.

ಸರಿ. ಮರಿಗಳು. ಯಜಮಾನ್ರು ಹುಷಾರಾಗಿ ಎಷ್ಟೋ ಕಾಲ ಆಯ್ತು. ಬಣ್ಣ ಬಂತು, ಹಸಿವು ಬಂತು, ಅಮ್ಮಾವ್ರು ಮೊಟ್ಟೆ ಇಟ್ರು, ಮರಿ ಆಯ್ತು. ಅಪ್ಪ ಅಮ್ಮನ ಮೈಮೇಲಿನ ಲೋಳೇನೇ ಅವಕ್ಕೆ ಊಟ, ನೋಡಿ ಹೇಗೆ ಅಂಟ್ಕೊಂಡಿವೆ. ದಿನಾ ಸಂಜೆ ಹೇಳೇಬಿಡಬೇಕು ಅಂತ ಫೋನ್ ಎತ್ತುತ್ತೀನಿ. 'ಹೇಗಿದ್ದಾರೆ ಯಜಮಾನ್ರು?' ಅಂತಾಳೆ. 'ಹಾಗೇ ಇದ್ದಾರೆ' ಅಂತ ಬಂದುಬಿಡುತ್ತೆ. ಹುಷಾರಾದ್ರು ಅಂದ್ರೆ ಮಾರನೇ ದಿನ ಅವಳು ಯಾಕೆ ಫೋನ್ ಮಾಡ್ತಾಳೆ, ಹೇಳಿ? ನನ್ನ ಆರೋಗ್ಯ ವಿಚಾರಿಸೋಕಾ?

ಅವಳಿಗೆ ಹೇಳಬೇಡಿ. ದಮ್ಮಯ್ಯ ಅಂತೀನಿ. ಫೀಸೂ ಬೇಡ, ನಿಮ್ಮ ಮನೆಯವರೆಲ್ಲರ ಹಲ್ಲೂ… ಜೇಬಿಂದ ಏನು ತೆಗೀತಿದೀರಿ? ಫೋನಾ? ನಂಗ್ಯಾಕೆ ಕೊಡ್ತೀರಿ?

ಓ… ಅದಕ್ಕೇನಾ ಅಷ್ಟು ಹೊತ್ತೂ ಎದೆ ಮೇಲೆ ಕೈ? ಲೈನಲ್ಲೇ ಇದ್ದಾಳಾ? ಮೊದಲಿಂದಾನಾ? ರೈಲಿನ ಮಾತೂ ಕೇಳಿಸ್ತಾ? ಅಯ್ಯೋ… ಧೂಳು?

ಹಲೋ… ನಾನು. ನೋಡು, ಅದು ಹೇಗಾಯ್ತು ಅಂದ್ರೆ, ಮೊದಮೊದಲು ನಿಜವಾಗ್ಲೂ ಹುಷಾರಿರಲಿಲ್ಲ, ಆಮೇಲೆ ನಾನು ಏನಂದ್ಕೊಂಡೆ ಅಂದ್ರೆ… ಇರು, ಒಂದು ನಿಮಿಷ, ನಾನು ಹೇಳೋದನ್ನ ಪೂರ್ತಿ…

ಏನೋ ಅಂದೆ ಅಲ್ವಾ ನೀನು ಈಗ? ಏನೋ ಹೇಳೋಕೆ ಹೊರಟಿದ್ದೆ. ನಾನೇ ಮಧ್ಯ…

ಭಾವ, ಆ ಹತ್ತಿ ಡಬ್ಬ ಇಲ್ಲಿ ಕೊಡಿ. ಕೊಡಿ, ನನ್ನ ಬಾಯಿಗೇ. ಎರಡು ಉಂಡೆ ಸಾಲಲ್ಲ, ಇನ್ನೊಂದು.

ಈಗ ಹೇಳು ನೀನು.

ಹ್ಞೂ…

ಹ್ಞೂ.