ಪೂಜೆಗಿಟ್ಟ ರೈಫಲಿನೊಳಗಿನ ಗುಂಡು

ಹೆಸರು: ಸುಬ್ಬಲಕ್ಷ್ಮಮ್ಮ. ವಯಸ್ಸು: ಅರವತ್ತಮೂರು. ಉದ್ಯೋಗ: ನಿವೃತ್ತ ಪ್ರಾಥಮಿಕ ಶಾಲಾ ಮುಖ್ಯೋಪಾಧ್ಯಾಯಿನಿ. ವಾಸ: ಲಗ್ಗೆರೆ, ಬೆಂಗಳೂರು ಉತ್ತರ ತಾಲ್ಲೂಕು.

ಠಾಣಾಧಿಕಾರಿಗಳ ಮುಂದೆ ನಾನು ಸ್ವಇಚ್ಛೆಯಿಂದ ಹೇಳಿ ಬರೆಯಿಸುವುದೇನೆಂದರೆ, ನಮ್ಮ ನೆರೆಮನೆಯ ನರಸಪ್ಪನವರು ಮೊನ್ನೆ ಕೊಟ್ಟ ಹೇಳಿಕೆ ಸುಳ್ಳು. ಎಲ್ಲರೂ ಹೊರಟುಹೋದ ಮೇಲೆ ಕಸ ಗುಡಿಸುತ್ತಿದ್ದ ಮನೆಗೆಲಸದವಳು ರೈಫಲನ್ನು ಬೀಳಿಸಿದಳು, ಗುಂಡು ಹಾರಿ ಅವಳ ಕಾಲಿಗೇ ತಗುಲಿತು ಎಂದು ಅವರು ಹೇಳಿದ್ದಾರೆ. ಯಾರೂ ಹೊರಟಿರಲಿಲ್ಲ. ಕಸವನ್ನು ಯಾರೂ ಗುಡಿಸುತ್ತಿರಲಿಲ್ಲ. ಮನೆಗೆಲಸದವಳು ಎಂದಿರುವ ಕಡೆ ಚಿಕ್ಕಮುನಿಯಮ್ಮ ಎಂದು ಹೆಸರು ಬರೆಯಬೇಕೆಂದು ಕೋರುತ್ತೇನೆ. ಆಕೆ ಆಸ್ಪತ್ರೆಯಲ್ಲಿದ್ದಾಳೆ. ಆಕೆಯ ಮೇಲೆಯೇ ಮೊಕದ್ದಮೆ ಹೂಡುವ ಮಾತು ಕೇಳಿಬಂದದ್ದರಿಂದ ನಾನು ಬಂದಿದ್ದೇನೆ.

ಪೀಣ್ಯದ ಕಡೆಯ ಹೊಲಗಳಲ್ಲಿ ಕಾರ್ಖಾನೆಗಳಿಗೆ ಶೆಡ್ಡು ಕಟ್ಟಿ ಬಾಡಿಗೆಗೆ ಕೊಟ್ಟ ಮೇಲೆ ನರಸಪ್ಪನವರು ಹಳೆಯ ಬೇಟೆ ರೈಫಲುಗಳನ್ನು ಕೊಂಡು ಕೂಡಿಡತೊಡಗಿದರು. ಈಗ ಐದಿವೆ. ಬೇಟೆಯೇ ನಿಷಿದ್ಧ; ಅವರು ಜೀವಮಾನದಲ್ಲಿ ಒಂದು ಮೊಲವನ್ನೂ ಹೊಡೆದವರಲ್ಲ. ಆದರೂ ಸಂಜೆಯಾದರೆ ಒಂದೊಂದನ್ನೇ ತೊಡೆಯ ಮೇಲೆ ಮಲಗಿಸಿಕೊಂಡು ರೇಷ್ಮೆ ಬಟ್ಟೆಯಿಂದ ಎಣ್ಣೆ ತೀಡುತ್ತಾರೆ. ಅಕ್ರೋಟು ಮರದ ಹಿಡಿಯ ಹೊಳಪೂ ಬೆಳ್ಳಿ ತಗಡಿನಲ್ಲಿ ಕೆತ್ತಿದ ಜಿಂಕೆಯೂ ಸುಂದರವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೊಲ್ಲುವ ವಸ್ತುವಿನ ಮೇಲೆ ಸಾಯುವ ಪ್ರಾಣಿಯನ್ನೇ ಅಷ್ಟು ಅಂದವಾಗಿ ಕೆತ್ತಿರುವುದು ನನಗೆ ಹೇಸಿಗೆ ಹುಟ್ಟಿಸುತ್ತದೆ.

ಶನಿವಾರ ಆಯುಧಪೂಜೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವರ ಪತ್ನಿ ಈಶ್ವರಮ್ಮನವರು ಕರೆದದ್ದರಿಂದ ಅರಿಶಿನ ಕುಂಕುಮಕ್ಕೆ ಹೋದೆ. ನಡುಮನೆಯಲ್ಲಿ ರೈಫಲುಗಳನ್ನು ಮಣೆಗಳ ಮೇಲಿಟ್ಟು ಹೂವೇರಿಸಿದ್ದರು. ಪೂಜೆಗೆ ಮುನ್ನ ನರಸಪ್ಪನವರು ನನ್ನೆದುರಿಗೇ ಜಿಂಕೆಯ ರೈಫಲಿಗೆ ಗುಂಡು ತುಂಬಿದರು. ಏಕೆಂದು ಕೇಳಿದೆ.

“ಆಯುಧಾನ ಖಾಲಿ ಹೊಟ್ಟೇಲಿ ಕೂರಿಸಿ ಪೂಜೆ ಮಾಡಬಾರ್ದು ಟೀಚರಮ್ಮ,” ಎಂದರು.

ಮಂಗಳಾರತಿಯಾದೊಡನೆ ತೆಗೆಯಿರಿ ಎಂದೆ. ಪೂಜೆಗಿಟ್ಟದ್ದನ್ನು ನಾಳೆಯವರೆಗೆ ಮುಟ್ಟುವಂತಿಲ್ಲ, ಶೆಡ್ಡುಗಳಲ್ಲಿ ಇಂದು ಒಂದು ಸುತ್ತಿಗೆಯನ್ನೂ ಎತ್ತುವುದಿಲ್ಲ ಎಂದು ನನಗೇ ಶಾಸ್ತ್ರ ಹೇಳಿದರು.

ಅಷ್ಟು ಹೇಳಿದವರು, ಮಂಗಳಾರತಿಯ ಹೊತ್ತಿಗೆ ಬಂದ ಶೆಡ್ಡಿನ ಬಾಡಿಗೆದಾರ ಆಂಜಿನಪ್ಪನವರ ಒಂದು ನಗೆಗೆ ಶಾಸ್ತ್ರವನ್ನು ಬಿಟ್ಟರು.

“ಏನ್ ನರಸಪ್ಪಣ್ಣ, ಇವು ಬರೀ ಹೂವ ಮುಡ್ಕೊಳ್ಳೋಕಾ?” ಎಂದು ಆಂಜಿನಪ್ಪನವರು ಕೇಳಿದರು.

“ಎತ್ತಿ ನೋಡಪ್ಪ, ಹಸುಗೂಸಿದ್ದಂಗೈತೆ!” ಎಂದು ನರಸಪ್ಪನವರು ಜಿಂಕೆಯ ರೈಫಲನ್ನು ತಾವೇ ಎತ್ತಿಕೊಂಡರು. ಒಳಗೆ ಗುಂಡಿದೆ ಎಂದು ನಾನು ಕೂಗಿದೆ. ಆಂಜಿನಪ್ಪನವರಿಗೆ ಕೊಡಲು ಬಾಗಿಸುವಾಗ ನರಸಪ್ಪನವರ ಬೆರಳು ಟ್ರಿಗರಿನ ಮೇಲಿತ್ತು. ಗುಂಡು ಅಡುಗೆಮನೆಯ ಹೊಸ್ತಿಲು ದಾಟುತ್ತಿದ್ದ ಚಿಕ್ಕಮುನಿಯಮ್ಮನ ಬಲಪಾದವನ್ನು ಸೀಳಿ ನೆಲದ ಕಲ್ಲನ್ನು ಒಡೆಯಿತು. ಒಡೆದ ಕಲ್ಲು ಈಗಲೂ ಅಲ್ಲಿದೆ. ಅದರ ಮೇಲೆ ಚಾಪೆ ಹಾಸಿದ್ದಾರೆ.

ರೈಫಲು ಅವರ ಕೈಯಿಂದ ಜಾರಿ ಬಿತ್ತು. ನರಸಪ್ಪನವರ ಬಾಯಿಂದ ಮೊದಲು ಬಂದ ಮಾತು, “ಅಯ್ಯೋ, ಹಿಡಿಗೆ ಗೀರು ಬಿತ್ತಲ್ಲಪ್ಪಾ!”

“ನಿಮ್ಮ ಹಿಡಿಗಿಷ್ಟು ಬೆಂಕಿ ಹಾಕ! ಅವಳ ಕಾಲು ನೋಡ್ರೀ!” ಎಂದು ಈಶ್ವರಮ್ಮನವರು ಚೀರಿದರು.

ಗಾಯಕ್ಕೆ ಕಟ್ಟಲು ರೇಷ್ಮೆ ಬಟ್ಟೆ ಕೊಡಿ ಎಂದೆ. “ಅದೊಂದು ಬೇಡ ಟೀಚರಮ್ಮ, ಎಣ್ಣೆ ಕುಡಿಸಿ ಹದ ಮಾಡಿರೋದು,” ಎಂದರು ನರಸಪ್ಪನವರು. ನನ್ನ ಸೆರಗನ್ನು ಹರಿದು ಕಟ್ಟಿದೆ. ಆಂಜಿನಪ್ಪನವರೂ ನಾನೂ ಚಿಕ್ಕಮುನಿಯಮ್ಮನನ್ನು ಆಂಜಿನಪ್ಪನವರ ವ್ಯಾನಿಗೆ ಎತ್ತಿ ಮಲಗಿಸಿದೆವು. ಬಾಗಿಲಿನಿಂದ ತಿರುಗಿ ನೋಡಿದಾಗ ನರಸಪ್ಪನವರು ನೆಲದ ಮೇಲೆ ಕುಳಿತು, ಅದೇ ಬಟ್ಟೆಯಿಂದ ಆ ಗೀರನ್ನು ಉಜ್ಜುತ್ತಿದ್ದರು. ಅವರು ನಾಲ್ಕನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬರೆದುಕೊಂಡದ್ದನ್ನು ನಾನೇ ಓದಿ, ತಪ್ಪುಗಳನ್ನು ತಿದ್ದಿಸಿದ್ದೇನೆ. ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ.

ಸ್ಥಳ: ಪೀಣ್ಯ
ದಿನಾಂಕ: 18-10-1983
(ಸಹಿ) ಸುಬ್ಬಲಕ್ಷ್ಮಮ್ಮ

ಗುಂಡು ಹಾರಿದಾಗ ನಡುಮನೆಯಲ್ಲಿದ್ದವರ ಹೆಸರು, ಅವರವರ ಕೈಯಲ್ಲಿದ್ದುದರ ಸಹಿತ:
ಈಶ್ವರಮ್ಮ, ಆರತಿ ತಟ್ಟೆ.
ಆಂಜಿನಪ್ಪ, ಕಾಫಿ ಲೋಟ.
ಸುಬ್ಬಲಕ್ಷ್ಮಮ್ಮ, ಎಲೆ ಅಡಿಕೆ.
ನರಸಪ್ಪ, ರೈಫಲು.
ಚಿಕ್ಕಮುನಿಯಮ್ಮ, ಕಡಲೆಕಾಳಿನ ಉಸಲಿಯ ದೊಡ್ಡ ಪಾತ್ರೆ, ಎರಡೂ ಕೈಗಳಲ್ಲಿ.